ಶಿಲಾಶಾಸನದಿಂದ ಮರಣಶಾಸನಕ್ಕೆ: ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರದಲ್ಲಿ ಮುಪ್ಪಿನ ಪೋಷಣೆಯ ಕರಾರುಗಳು

ಕನ್ನಡದಲ್ಲಿ 'ಶಾಸನ' ಎಂಬ ಒಂದೇ ಪದವು ಮೂರು ಬಗೆಯ ಬರಹಗಳನ್ನು ಹೆಸರಿಸುತ್ತದೆ. ಗುಡಿಯ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ಬರಹದ ಕಲ್ಲು ಶಾಸನ. ವಿಧಾನಮಂಡಲವೂ ಸಂಸತ್ತೂ ರಚಿಸುವ ಕಾನೂನು ಶಾಸನ. ತನ್ನ ಕಾಲಾನಂತರ ತನ್ನ ಸ್ವತ್ತು ಯಾರಿಗೆ ಸೇರಬೇಕೆಂದು ವ್ಯಕ್ತಿಯೊಬ್ಬನು ಬರೆದಿಡುವ ಉಯಿಲು ಮರಣಶಾಸನ. ಈ ಮೂರಕ್ಕೂ ಸಮಾನವಾದ ಒಂದು ಗುಣವಿದೆ. ಬರೆದವನು ಅಶಕ್ತನಾದ ಮೇಲೆ, ಅಥವಾ ಇಲ್ಲವಾದ ಮೇಲೆ, ಬದುಕಿರುವವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮೂರೂ ಮೊದಲೇ ಗೊತ್ತುಪಡಿಸಲು ಯತ್ನಿಸುತ್ತವೆ. ಮುಪ್ಪಿನ ಪೋಷಣೆಯ ಪ್ರಶ್ನೆಯೂ ಮೂಲತಃ ಇದೇ ಆಗಿದೆ. ಶಕ್ತಿಯಿದ್ದಾಗ ಕೊಟ್ಟದ್ದಕ್ಕೆ ಪ್ರತಿಯಾಗಿ ಶಕ್ತಿಯಿಲ್ಲದಾಗ ದೊರೆಯಬೇಕಾದ ಅನ್ನ, ಬಟ್ಟೆ, ಔಷಧ ಮತ್ತು ಶುಶ್ರೂಷೆಯನ್ನು ಯಾವ ಬಲದ ಮೇಲೆ ಕೇಳಬಹುದು ಎಂಬುದೇ ಆ ಪ್ರಶ್ನೆ.

ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳು ಈ ಪ್ರಶ್ನೆಯ ಅಧ್ಯಯನಕ್ಕೆ ತಕ್ಕ ಪ್ರದೇಶಗಳು. ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿದ್ದ ಹಳೇಬೀಡು ಬೇಲೂರು ತಾಲ್ಲೂಕಿನಲ್ಲಿಯೇ ಇದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಕಾಲದಿಂದ ಈ ಎರಡೂ ತಾಲ್ಲೂಕುಗಳ ಶಾಸನಗಳು ವಿದ್ವಾಂಸರಿಗೆ ಪರಿಚಿತವಾಗಿವೆ. ಒಂದೆಡೆ ತೆಂಗಿನ ತೋಟಗಳ ಬಯಲುಸೀಮೆ, ಇನ್ನೊಂದೆಡೆ ಗದ್ದೆ ಮತ್ತು ಕಾಫಿ ತೋಟಗಳ ಅರೆಮಲೆನಾಡು ಇರುವುದರಿಂದ ಭೂಮಿಯೊಡೆಯರ ಮುಪ್ಪನ್ನೂ ಭೂಹೀನರ ಮುಪ್ಪನ್ನೂ ಇಲ್ಲಿ ಒಟ್ಟಿಗೆ ನೋಡಬಹುದು. ಈ ಪ್ರದೇಶದ ಕಲ್ಲಿನ ದಾನಪತ್ರಗಳು ಷರತ್ತನ್ನು ಸ್ಪಷ್ಟವಾಗಿ ಬರೆದುಕೊಂಡವು. ಮನೆಯೊಳಗಿನ ದಾನವು ಮಾತ್ರ ಷರತ್ತನ್ನು ಬರೆಯದೆ ನಂಬಿಕೆಗೆ ಬಿಟ್ಟಿತು. ಇಂದಿನ ಕಾನೂನು ಆ ಷರತ್ತನ್ನೇ ಕಾಗದದ ಮೇಲೆ ಕೇಳುತ್ತಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆಯಾಗಿದೆ.

ಸೇವೆ, ಭೂಮಿ ಮತ್ತು ಷರತ್ತು

ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರದೆಂದು ಗುರುತಿಸಲಾಗುವ ಹಲ್ಮಿಡಿ ಶಾಸನವು ಬೇಲೂರು ತಾಲ್ಲೂಕಿನದು. ಡಾ. ಎಂ. ಎಚ್. ಕೃಷ್ಣ ಅವರು ಇದನ್ನು 1936ರಲ್ಲಿ ಬೆಳಕಿಗೆ ತಂದರು. ಭಾಷೆಯ ಇತಿಹಾಸದಲ್ಲಿ ಇದಕ್ಕಿರುವ ಸ್ಥಾನವನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಆದರೆ ಶಾಸನದ ವಿಷಯವೂ ಅಷ್ಟೇ ಗಮನಾರ್ಹವಾದುದು. ಕೇಕಯ–ಪಲ್ಲವರ ವಿರುದ್ಧದ ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ. ಹೀಗೆ ಈ ನೆಲದ ಅತ್ಯಂತ ಹಳೆಯ ಕನ್ನಡ ಬರಹವು ಸೇವೆಗೆ ಪ್ರತಿಯಾಗಿ ಪ್ರಭುತ್ವವು ಒದಗಿಸಿದ ಜೀವನಾಧಾರದ ದಾಖಲೆಯಾಗಿದೆ. ಆ ಕೊಡುಗೆಯನ್ನು ಕಸಿದವನಿಗೆ ಮಹಾಪಾತಕ ತಟ್ಟುವುದೆಂಬ ಎಚ್ಚರಿಕೆಯೂ ಅದರಲ್ಲಿದೆ.

ಮುಂದಿನ ಶತಮಾನಗಳಲ್ಲಿ ಇಂತಹ ಕೊಡುಗೆಗಳ ಪ್ರಭೇದಗಳು ಬೆಳೆದವು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಸಲ್ಲುತ್ತಿದ್ದ ಭೂಮಿ ನೆತ್ತರುಗೊಡಗೆ. ಕೆರೆಯನ್ನು ಕಟ್ಟಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಸಲ್ಲುತ್ತಿದ್ದುದು ಕೆರೆಗೊಡಗೆ. ಸೇವಕರಿಗೆ ಬಿಟ್ಟದ್ದು ಉಂಬಳಿ, ಮಾನ್ಯ ಮತ್ತು ಜೀವಿತ. ವೀರಗಲ್ಲನ್ನು ಶೌರ್ಯದ ಸ್ಮಾರಕವೆಂದಷ್ಟೇ ಓದುವುದು ರೂಢಿ. ನೆತ್ತರುಗೊಡಗೆಯ ಉಲ್ಲೇಖವಿರುವ ಕಲ್ಲು ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ದುಡಿಯುವ ಕೈಯನ್ನು ಕಳೆದುಕೊಂಡ ಮನೆಯಲ್ಲಿ ಉಳಿದ ವೃದ್ಧರು, ವಿಧವೆಯರು ಮತ್ತು ಮಕ್ಕಳ ಅನ್ನಕ್ಕೆ ಊರು ಅಥವಾ ಅರಸು ಹೊಣೆಯಾದ ಪತ್ರವೂ ಅದೇ ಆಗಿದೆ.

ಹೊಯ್ಸಳರ ಕಾಲಕ್ಕೆ ದಾನಶಾಸನದ ರಚನೆ ಪರಿಪಕ್ವವಾಗಿತ್ತು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಆಗಲಿ, 1220ರ ಸುಮಾರಿಗೆ ಅರಸೀಕೆರೆಯ ಈಶ್ವರ ದೇವಾಲಯವು ಸಿದ್ಧವಾದಾಗ ಆಗಲಿ, ದೇವಾಲಯವೆಂದರೆ ಕಟ್ಟಡ ಮಾತ್ರವಾಗಿರಲಿಲ್ಲ. ಅದರ ನಿತ್ಯದ ವೆಚ್ಚಕ್ಕೆ ಬೇಕಾದ ಭೂಮಿಯ ವ್ಯವಸ್ಥೆಯೂ ಅದರ ಭಾಗವೇ ಆಗಿತ್ತು. ದಾನ ಮಾಡಿದವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಅದರ ಉತ್ಪನ್ನದಲ್ಲಿ ದೀಪಕ್ಕೆಷ್ಟು, ನೈವೇದ್ಯಕ್ಕೆಷ್ಟು, ಆಹಾರದಾನಕ್ಕೆಷ್ಟು, ಜೀರ್ಣೋದ್ಧಾರಕ್ಕೆಷ್ಟು ಎಂಬುದನ್ನು ಇಂತಹ ಶಾಸನಗಳು ಕ್ರಮವಾಗಿ ನಿರೂಪಿಸುತ್ತವೆ. ಕೈಯಲ್ಲಿ ನೀರೆರೆದು ಧಾರಾಪೂರ್ವಕವಾಗಿ ಕೊಟ್ಟದ್ದು ಸೂರ್ಯಚಂದ್ರರಿರುವವರೆಗೆ ನಡೆಯತಕ್ಕದ್ದು. ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಉದ್ದೇಶ, ಷರತ್ತು, ಸಾಕ್ಷಿ ಮತ್ತು ದಂಡನೆ ಎಂಬ ನಾಲ್ಕು ಅಂಗಗಳೂ ಇಲ್ಲಿ ಪೂರ್ಣವಾಗಿವೆ. ಕೊಟ್ಟವನ ಒಳ್ಳೆಯತನವನ್ನಾಗಲಿ ಪಡೆದವನ ನಿಷ್ಠೆಯನ್ನಾಗಲಿ ಮಾತ್ರವೇ ನೆಚ್ಚಿ ಯಾರೂ ಕಲ್ಲನ್ನು ಬರಿದಾಗಿ ಬಿಡಲಿಲ್ಲ.

ಉಂಡ ಅನ್ನದ ಋಣವು ಎಷ್ಟು ಬಲವಾದ ಬಂಧವೆಂದು ಆ ಸಮಾಜ ಭಾವಿಸಿತ್ತು ಎಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರ ಲಕ್ಷ್ಮನ ಗರುಡಗಂಬವು ನಿದರ್ಶನವಾಗಿದೆ. ಇಮ್ಮಡಿ ವೀರಬಲ್ಲಾಳನ ನೆಚ್ಚಿನವನಾಗಿ ಬೆಳೆದ ಲಕ್ಷ್ಮನು ಅರಸನ ಮರಣಾನಂತರ ಮಡದಿ ಸುಗ್ಗಲದೇವಿಯೊಡನೆ ಮತ್ತು ತನ್ನ ಪಡೆಯವರೊಡನೆ ಪ್ರಾಣಾರ್ಪಣೆ ಮಾಡಿದನೆಂದು ಅದು ತಿಳಿಸುತ್ತದೆ. ಜೋಳವಾಳಿ, ವೇಳೆವಾಳಿ ಎಂದು ಕರೆಯಲಾಗುವ ಈ ಬಂಧದಲ್ಲಿ ಸಾಕಿದವನಿಗಾಗಿ ಸಾಯುವುದು ಪರಮಧರ್ಮವೆನಿಸಿತ್ತು. ಸಾಕಿದವನಿಗಾಗಿ ದಿನವೂ ಬದುಕುವ ಧರ್ಮವು, ಎಂದರೆ ಹಾಸಿಗೆ ಹಿಡಿದವನಿಗೆ ಗಂಜಿ ಕುಡಿಸಿ ಮೈ ತೊಳೆಸುವ ಕೆಲಸವು, ಕಂಬದ ಮೇಲೆ ಬರೆಸಿಕೊಳ್ಳುವಂತಹ ಘನಕಾರ್ಯವಾಗಲಿಲ್ಲ.

ಪರೋಕ್ಷವಿನಯ ಮತ್ತು ಪ್ರತ್ಯಕ್ಷ ಪೋಷಣೆ

ಶಾಸನಗಳ ಪರಿಭಾಷೆಯಲ್ಲಿ 'ಪರೋಕ್ಷವಿನಯ' ಎಂಬ ಅರ್ಥಪೂರ್ಣವಾದ ಪದವಿದೆ. ಮಡಿದವರ ಹೆಸರಿನಲ್ಲಿ ಮಾಡಿಸುವ ಬಸದಿ, ನಿಸಿದಿ, ದಾನ ಮೊದಲಾದವು ಪರೋಕ್ಷವಿನಯಗಳು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತೀರಿಕೊಂಡ ಬಳಿಕ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಹಳೇಬೀಡಿನ ಬಸದಿಗಳ ಸಾಲಿನಲ್ಲಿ ಅದು ಇಂದಿಗೂ ನಿಂತಿದೆ. ತಂದೆಗೆ ಮಗನು ಸಲ್ಲಿಸಿದ ಗೌರವದ ಇಷ್ಟು ಭವ್ಯವಾದ ದಾಖಲೆ ವಿರಳ. ಆದರೆ ಆ ದಾಖಲೆ ಆರಂಭವಾಗುವುದು ತಂದೆಯ ಮರಣದ ನಂತರ. ಕಲ್ಲು ಪರೋಕ್ಷವಿನಯವನ್ನು ಬಲ್ಲದು. ತಂದೆತಾಯಿಗಳು ಕಣ್ಣೆದುರು ಇರುವಾಗ ಮಕ್ಕಳು ಸಲ್ಲಿಸಬೇಕಾದ ಪ್ರತ್ಯಕ್ಷ ಪೋಷಣೆಯನ್ನು ಅದು ಮನೆಯ ಒಳಗಿನ ಸಂಗತಿಯೆಂದು ಬಿಟ್ಟುಬಿಟ್ಟಿತು.

ಮನೆಯ ಆಸರೆಯಿಲ್ಲದವರಿಗೆ ಧರ್ಮಸಂಸ್ಥೆಗಳು ಆಸರೆಯಾದುದುಂಟು. ಜೈನರ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೂ ಸ್ಥಾನವಿತ್ತು. ಹಳೇಬೀಡಿನ ಉತ್ತರಕ್ಕೆ, ಇಂದಿನ ಶಿವಮೊಗ್ಗ ಜಿಲ್ಲೆಗೆ ಸೇರಿದ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ವಿದ್ಯೆಯ ನೆಲೆಯಾಗಿದ್ದ ಆ ಮಠವು ದೀನರಿಗೂ ಅನಾಥರಿಗೂ ಕುಂಟರು, ಕುರುಡರು, ಕಿವುಡರಿಗೂ ಅನ್ನವಿಕ್ಕುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವಾಗಿತ್ತೆಂದು ಅದರಿಂದ ತಿಳಿದುಬರುತ್ತದೆ. ಭೂಮಿಯ ಉತ್ಪನ್ನವನ್ನು ಅಶಕ್ತರ ಆರೈಕೆಗೆ ಕಟ್ಟಿಹಾಕಿದ ಸಾರ್ವಜನಿಕ ವ್ಯವಸ್ಥೆಯ ಕಲ್ಪನೆ ಕನ್ನಡನಾಡಿಗೆ ಹೊಸದಲ್ಲ ಎನ್ನಲು ಇದೊಂದೇ ಆಧಾರ ಸಾಕು.

ಮನೆಯೊಳಗಿನ ಸಂಬಂಧವನ್ನು ಕುರಿತು ಮಾತನಾಡಿದುದು ಧರ್ಮಶಾಸ್ತ್ರ. ವಿಷ್ಣುವರ್ಧನನ ಕಾಲದಲ್ಲಿ ಹೊಯ್ಸಳರಿಗೆ ಅಧಿರಾಜನಾಗಿದ್ದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮುಖ್ಯ ತತ್ತ್ವ. ವೃದ್ಧ ತಂದೆತಾಯಿ, ಸಾಧ್ವಿ ಪತ್ನಿ ಮತ್ತು ಎಳೆಯ ಮಗುವನ್ನು ನೂರು ಅಕಾರ್ಯಗಳನ್ನು ಮಾಡಿಯಾದರೂ ಸಾಕಬೇಕೆಂಬ, ಮನುವಿನದೆಂದು ಹೇಳಲಾಗುವ ಮಾತನ್ನೂ ಅದು ಉದ್ಧರಿಸುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದಾಗ ಒಂದು ಅಸಮತೋಲ ಕಾಣುತ್ತದೆ. ಮಗನ ಹಕ್ಕು ಹುಟ್ಟಿನೊಡನೆ ಬರುವ ಆಸ್ತಿಯ ಹಕ್ಕು. ತಂದೆತಾಯಿಗಳ ಪಾಲಿಗೆ ಇರುವುದು ಮಗನ ಧರ್ಮಬುದ್ಧಿಯನ್ನು ನೆಚ್ಚಿದ ಕರ್ತವ್ಯ. ಹೆಣ್ಣಿನ ಸ್ಥಿತಿ ಇನ್ನೂ ಕಠಿಣವಾಗಿತ್ತು. ಅವಿಭಕ್ತ ಕುಟುಂಬದ ವಿಧವೆಗೆ ಅನ್ನವಸ್ತ್ರದ ಹಕ್ಕಿತ್ತೇ ಹೊರತು ಸ್ವತ್ತಿನಲ್ಲಿ ಪಾಲಿರಲಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಕುಟುಂಬದ ವಿಭಾಗದ ಸಂದರ್ಭದಲ್ಲಿ ಸ್ತ್ರೀಯರಿಗೂ ಪಾಲನ್ನು ಗೊತ್ತುಪಡಿಸಿದುದು ಆ ಕಾಲಕ್ಕೆ ಮುಂದುವರಿದ ಕ್ರಮವಾಗಿತ್ತು.

ಮೌಖಿಕ ಕರಾರು

ಶಾಸ್ತ್ರವು ಧರ್ಮಬುದ್ಧಿಗೆ ಬಿಟ್ಟುದನ್ನು ಜನಪದರು ಕಥೆಯಿಂದಲೂ ರೂಢಿಯಿಂದಲೂ ಕಾಯಲು ಯತ್ನಿಸಿದರು. ತೆಂಗಿನ ಸೀಮೆಗೆ ಸಹಜವಾಗಿ ಒಪ್ಪುವ ಕರಟದ ಕಥೆ ಇದಕ್ಕೆ ಉತ್ತಮ ನಿದರ್ಶನ. ಮುದಿ ತಂದೆಗೆ ಮಗ ಸೊಸೆಯರು ತೆಂಗಿನ ಕರಟದಲ್ಲಿ ಗಂಜಿ ಹಾಕುತ್ತಾರೆ. ಮುದುಕನು ಸತ್ತ ದಿನ ಕರಟವನ್ನು ತಿಪ್ಪೆಗೆಸೆಯಲು ಹೋದಾಗ ಮೊಮ್ಮಗನು ಅದನ್ನು ಎತ್ತಿಟ್ಟುಕೊಳ್ಳುತ್ತಾನೆ. ಏಕೆಂದು ಕೇಳಿದರೆ, ನಿಮಗೆ ವಯಸ್ಸಾದಾಗ ಬೇಕಲ್ಲವೇ ಎನ್ನುತ್ತಾನೆ. ಪಾಠಾಂತರಗಳಲ್ಲಿ ಕರಟದ ಬದಲು ಮಣ್ಣಿನ ಕುಡಿಕೆ, ಹರಕು ಕಂಬಳಿ ಮೊದಲಾದವು ಬರುತ್ತವೆ. ಇದು ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಆರ್ನೆ–ಥಾಮ್ಸನ್–ಉಥರ್ ವರ್ಗಸೂಚಿಯ 980ನೆಯ ವರ್ಗಕ್ಕೆ ಸೇರುವ ಈ ಕಥೆ ಯೂರೋಪಿನಲ್ಲಿ ಮರದ ಬಟ್ಟಲಿನ ಕಥೆಯಾಗಿ ಪ್ರಸಿದ್ಧವಾಗಿದೆ.

ಕಥೆಯ ರಚನೆಯನ್ನು ದಾನಶಾಸನದ ರಚನೆಯೊಡನೆ ಹೋಲಿಸಿದರೆ ಒಂದು ಮಹತ್ವದ ಅಂಶ ಗೋಚರಿಸುತ್ತದೆ. ಶಾಸನಕ್ಕೆ ಸೂರ್ಯಚಂದ್ರರು ಸಾಕ್ಷಿ. ಕಥೆಗೆ ಮೊಮ್ಮಗನು ಸಾಕ್ಷಿ. ಶಾಸನದಲ್ಲಿ ತಪ್ಪಿದವನಿಗೆ ಪಾಪದ ಶಾಪ. ಕಥೆಯಲ್ಲಿ ತಪ್ಪಿದವನಿಗೆ ಅವನದೇ ಕರಟ. ಆದರೆ ಕಥೆಯಲ್ಲಿ ನ್ಯಾಯವು ತಡವಾಗಿ ಬರುತ್ತದೆ. ಮಗನು ಬುದ್ಧಿ ಕಲಿಯುವ ಹೊತ್ತಿಗೆ ಮುದುಕನು ಕರಟದಲ್ಲಿಯೇ ಉಂಡು ಸತ್ತಿರುತ್ತಾನೆ. ಕಥೆಯು ಮುಂದಿನ ತಲೆಮಾರನ್ನು ತಿದ್ದಬಲ್ಲದು, ಎದುರಿಗಿರುವ ವೃದ್ಧನ ಹಸಿವನ್ನು ನೀಗಿಸಲಾರದು. ಮೌಖಿಕ ಕಾನೂನಿನ ಶಕ್ತಿಯೂ ಮಿತಿಯೂ ಈ ಒಂದು ಕಥೆಯಲ್ಲಿ ಅಡಕವಾಗಿವೆ.

ರೂಢಿಯ ಕರಾರುಗಳಲ್ಲಿ ಹಲವು ಬಗೆಗಳಿವೆ. ಗಂಡುಮಕ್ಕಳಿಲ್ಲದವರು ಮಗಳಿಗೆ ಮನೆ ಅಳಿಯನನ್ನು ತಂದುಕೊಳ್ಳುವುದರಲ್ಲಿ ಜಮೀನು ಮತ್ತು ಪೋಷಣೆ ಒಂದೇ ಮಾತುಕತೆಯ ಎರಡು ಮುಖಗಳಾಗಿರುತ್ತವೆ. ದತ್ತು ಸ್ವೀಕಾರದಲ್ಲಿ ವಂಶದ ಮುಂದುವರಿಕೆಯ ಜೊತೆಗೆ ಮುಪ್ಪಿನ ಆಸರೆಯ ನಿರೀಕ್ಷೆಯೂ ಸೇರಿರುತ್ತದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಊರ ಹಿರಿಯರು ಪಂಚರಾಗಿ ಕುಳಿತು ಪಾಲುಪಾರೀಕತ್ತು ಬರೆಸುವಲ್ಲಿ ತಂದೆತಾಯಿಗಳನ್ನು ಕುರಿತ ತೀರ್ಮಾನವೂ ಆಗುತ್ತದೆ. ಒಬ್ಬ ಮಗನ ಮನೆಯಲ್ಲಿ ತಂದೆ, ಇನ್ನೊಬ್ಬನ ಮನೆಯಲ್ಲಿ ತಾಯಿ ಎಂದು ಹಂಚಿಕೊಳ್ಳುವುದುಂಟು. ತಿಂಗಳಿಗೊಂದು ಮನೆಯಂತೆ ಸರದಿಯಲ್ಲಿ ಉಣ್ಣುವುದುಂಟು. ತಾಯಿಯ ಜೀವಿತಾವಧಿಗೆಂದು ಕೆಲವು ತೆಂಗಿನ ಮರಗಳ ಫಲವನ್ನು ಮೀಸಲಿಡುವುದೂ ಉಂಟು.

ಈ ಕೊನೆಯ ಪದ್ಧತಿಯಲ್ಲಿ ಅರ್ಥವಿದೆ. ನೆಟ್ಟ ಆರೆಂಟು ವರ್ಷಗಳಿಗೆ ಫಲ ಬಿಡತೊಡಗುವ ನಾಟಿ ತೆಂಗು ಅರವತ್ತು ವರ್ಷಗಳಿಗೂ ಮಿಕ್ಕಿ ಕೊಡುತ್ತಲೇ ಇರುತ್ತದೆ. ಯೌವನದಲ್ಲಿ ನೆಟ್ಟವನನ್ನು ಮುಪ್ಪಿನಲ್ಲಿ ಸಾಕುವ ಮರ ಅದು. ಆದರೂ 1990ರ ದಶಕದ ಕೊನೆಯಲ್ಲಿ ಹಬ್ಬಿದ ನುಸಿಪೀಡೆ ಮತ್ತು ಮರುಮರುಕಳಿಸಿದ ಬರಗಾಲ ಅರಸೀಕೆರೆ ಸೀಮೆಯ ತೆಂಗಿನ ಮೇಲಿನ ಈ ಭರವಸೆಯನ್ನು ಅಲುಗಿಸಿದವು.

ಇಂತಹ ತೀರ್ಮಾನಗಳಲ್ಲಿ ಜಮೀನಿನ ಹಂಚಿಕೆ ಕಾಗದಕ್ಕೆ ಇಳಿಯುತ್ತದೆ. ತಂದೆತಾಯಿಗಳ ಊಟದ ಹಂಚಿಕೆ ಮಾತಿನಲ್ಲಿ ಉಳಿಯುತ್ತದೆ. ಹೆತ್ತ ಮಕ್ಕಳಿಗೆ ಷರತ್ತು ಹಾಕಿ ಬರೆಯುವುದೆಂದರೆ ಅವರನ್ನು ನಂಬದಂತೆ ಎಂಬ ಸಂಕೋಚವೇ ಇದಕ್ಕೆ ಕಾರಣ. ಪಂಚರು ಬದುಕಿರುವವರೆಗೆ, ಊರಿನ ಬಾಯಿಗೆ ಬೆಲೆಯಿರುವವರೆಗೆ ಆ ಮಾತು ನಡೆಯಿತು. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮೇಲೆ ಊರಿನ ಬಾಯಿ ಅಲ್ಲಿಗೆ ಮುಟ್ಟುವುದಿಲ್ಲ. ಮಧ್ಯ ಯೂರೋಪಿನ ರೈತಕುಟುಂಬಗಳಲ್ಲಿ ಹಿರಿಯನು ಹೊಲಮನೆಯನ್ನು ಮಗನಿಗೆ ಬಿಟ್ಟುಕೊಡುವಾಗ ತನಗೆ ಸಲ್ಲಬೇಕಾದ ಕೋಣೆ, ಧಾನ್ಯ, ಹಾಲು ಮತ್ತು ಸೌದೆಯನ್ನು ಪಟ್ಟಿಮಾಡಿ ಕರಾರು ಬರೆಸಿಕೊಳ್ಳುವ ಪದ್ಧತಿ ಶತಮಾನಗಳ ಕಾಲ ರೂಢಿಯಲ್ಲಿತ್ತು. ಅಲ್ಲಿ ಅದು ಅಪನಂಬಿಕೆಯೆನಿಸಲಿಲ್ಲ. ದೇವರ ದೀಪದ ಎಣ್ಣೆಗೆ ಷರತ್ತು ಬರೆದುಕೊಂಡ ನಾಡಿನಲ್ಲಿ ತಾಯಿಯ ಅನ್ನಕ್ಕೆ ಷರತ್ತು ಬರೆಯಲು ನಾಚಿಕೆಯಾದುದು ವಿಚಾರಾರ್ಹ ಸಂಗತಿಯಾಗಿದೆ.

ಉಂಬಳಿಯಿಂದ ಮಾಸಾಶನಕ್ಕೆ

ಸ್ವಾತಂತ್ರ್ಯಾನಂತರ ಸೇವೆಗೆ ಕಟ್ಟಿಹಾಕಿದ ಭೂಮಿಯ ವ್ಯವಸ್ಥೆ ಕಾನೂನಿನ ಮೂಲಕವೇ ಕೊನೆಗೊಂಡಿತು. ಮೈಸೂರು ರಾಜ್ಯದಲ್ಲಿ 1954ರ ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದಿಯಾತಿ ಕಾಯಿದೆ, 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆ, 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಕ್ರಮವಾಗಿ ಬಂದವು. ಹುಟ್ಟಿನ ಆಧಾರದ ಮೇಲೆ ಸೇವೆಯನ್ನು ವಂಶಕ್ಕೆ ಅಂಟಿಸಿದ್ದ ಕಟ್ಟನ್ನು ಕಳಚಿದುದು ಇವುಗಳ ದೊಡ್ಡ ಸಾಧನೆ. ಅದೇ ವೇಳೆಗೆ, ಮುಪ್ಪಿನಲ್ಲಿ ಕೈಬಿಡದ ಒಂದು ತುಂಡು ಮಾನ್ಯದ ನೆಲವೆಂಬ ಹಳೆಯ ಆಧಾರದ ಜಾಗದಲ್ಲಿ ಬೇರೊಂದು ಆಧಾರವನ್ನು ಕಲ್ಪಿಸುವ ಹೊಣೆಯೂ ಪ್ರಭುತ್ವದ ಮೇಲೆ ಬಿದ್ದಿತು.

ಆ ಹೊಣೆ ನಗದಿನ ರೂಪ ತಾಳಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ವೃದ್ಧಾಪ್ಯ ವೇತನವು 1995ರ ಆಗಸ್ಟ್ 15ರಂದು ಆರಂಭವಾದಾಗ ಕೇಂದ್ರದ ನೆರವು ತಿಂಗಳಿಗೆ 75 ರೂಪಾಯಿಗಳಾಗಿತ್ತು. 2007ರಲ್ಲಿ ಅದು ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವೆಂಬ ಹೆಸರು ಪಡೆಯಿತು. 2011ರಲ್ಲಿ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು. 80 ವರ್ಷ ದಾಟಿದವರಿಗೆ ಕೇಂದ್ರದ ಪಾಲು 500 ರೂಪಾಯಿಗಳೆಂದೂ ಉಳಿದವರಿಗೆ 200 ರೂಪಾಯಿಗಳೆಂದೂ ಗೊತ್ತಾಯಿತು. ಕರ್ನಾಟಕ ಸರ್ಕಾರವು 2007ರ ಜುಲೈನಲ್ಲಿ ಜಾರಿಗೆ ತಂದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ಮೀರಿದ ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಹಾಗೂ ಅಸಂಘಟಿತ ವಲಯದ ದುಡಿಮೆಗಾರರನ್ನು ಉದ್ದೇಶಿಸಿತು. ಆರಂಭದಲ್ಲಿ 400 ರೂಪಾಯಿಗಳಿದ್ದ ಮಾಸಾಶನವು 2021ರಲ್ಲಿ 1200 ರೂಪಾಯಿಗಳಿಗೆ ಏರಿತು. ಸೋಮನ ಕುಣಿತ, ವೀರಗಾಸೆ ಮೊದಲಾದ ಕಲೆಗಳಲ್ಲಿ ಬಾಳು ಸವೆಸಿದವರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ನೀಡುವ ಕಲಾವಿದರ ಮಾಸಾಶನವನ್ನೂ ಇದೇ ಸಾಲಿನಲ್ಲಿ ನೋಡಬೇಕು. ಹಿಂದೆ ಗುಡಿಯ ಮಾನ್ಯವು ಹೊತ್ತಿದ್ದ ಹೊಣೆಯ ಒಂದು ಪಾಲು ಹೀಗೆ ಸರ್ಕಾರದ ಆಯವ್ಯಯಕ್ಕೆ ವರ್ಗವಾಯಿತು.

ಭೂಮಿಯಿಲ್ಲದವರ ಪಾಲಿಗೆ ಈ ನಗದು ಅತ್ಯಂತ ಮುಖ್ಯವಾದುದು. ಬೇಲೂರು ಸೀಮೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬಾಳಿದ ಕಾರ್ಮಿಕರಿಗೆ ವಸತಿಯು ದುಡಿಮೆಗೆ ಅಂಟಿಕೊಂಡಿರುತ್ತದೆ. ದುಡಿಯುವ ಶಕ್ತಿ ಕುಂದಿದಾಗ ಮನೆಯ ಪ್ರಶ್ನೆಯೂ ಅದರೊಡನೆ ಏಳುತ್ತದೆ. ದಾನಪತ್ರ ಬರೆಯಲು ಅವರಲ್ಲಿ ಏನೂ ಇಲ್ಲ, ಷರತ್ತು ಹಾಕಲು ಯಾವ ಆಸ್ತಿಯೂ ಇಲ್ಲ. ಅಂತಹವರಿಗೆ ಭವಿಷ್ಯನಿಧಿ, ಉಪದಾನ ಮತ್ತು ಮಾಸಾಶನಗಳೇ ಶಾಸನ.

ಆದರೆ ಮಾಸಾಶನವು ಅಕ್ಕಿ ಬೇಳೆಗೆ ಒದಗಬಹುದು, ಎತ್ತಿ ಕೂರಿಸುವ ಕೈಗೆ ಒದಗುವುದಿಲ್ಲ. ಪಾರ್ಶ್ವವಾಯು, ಮರೆಗುಳಿತನ, ಮೂಳೆಮುರಿತ ಮೊದಲಾದವುಗಳಿಂದ ವರ್ಷಗಟ್ಟಲೆ ಪರಾಧೀನರಾದವರ ಶುಶ್ರೂಷೆ ಬೇರೆಯೇ ಆದ ಸಮಸ್ಯೆ. ಜರ್ಮನಿಯು 1995ರಲ್ಲಿ, ಜಪಾನು 2000ದಲ್ಲಿ ಇದಕ್ಕೆಂದೇ ಪ್ರತ್ಯೇಕ ಸಾರ್ವಜನಿಕ ವಿಮೆಯನ್ನು ಜಾರಿಗೆ ತಂದವು. ಭಾರತದಲ್ಲಿ ಅಂತಹ ವ್ಯವಸ್ಥೆಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು 70 ವರ್ಷ ಮೀರಿದ ಎಲ್ಲರಿಗೂ ವಿಸ್ತರಿಸಲಾಯಿತಾದರೂ ಅದು ಆಸ್ಪತ್ರೆಯ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದುದು. ಮನೆಯ ಮೂಲೆಯ ಹಾಸಿಗೆಯವರೆಗೆ ಬರುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರು ಸುಮಾರು ಶೇಕಡ 9.5ರಷ್ಟಿದ್ದರು. ಅವರಲ್ಲಿ ಪರಾಧೀನರಾದವರ ದಿನನಿತ್ಯದ ಆರೈಕೆ ಬಹುಮಟ್ಟಿಗೆ ಮನೆಯವರ, ಅದರಲ್ಲಿಯೂ ಮನೆಯ ಹೆಂಗಸರ, ಕೂಲಿಯಿಲ್ಲದ ದುಡಿಮೆಯ ಮೇಲೆಯೇ ನಿಂತಿದೆ. ಆದುದರಿಂದ ಮನೆಯೊಳಗಿನ ಕರಾರಿನ ಪ್ರಶ್ನೆ ಮತ್ತೆ ಮುನ್ನೆಲೆಗೆ ಬರುತ್ತದೆ.

ಬರೆದ ಷರತ್ತು

ಮಕ್ಕಳ ಧರ್ಮವು ಕಾನೂನಿನ ಕರ್ತವ್ಯವಾದುದು ಹಂತಹಂತವಾಗಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ವೃದ್ಧ ಅಥವಾ ಅಶಕ್ತ ತಂದೆತಾಯಿಗಳ ಪೋಷಣೆಯನ್ನು ಮಗನ ಮೇಲಷ್ಟೇ ಅಲ್ಲದೆ ಮಗಳ ಮೇಲೂ ಹೊರಿಸಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೆಂಡತಿ ಮಕ್ಕಳಿಗೆ ಸೀಮಿತವಾಗಿದ್ದ ಜೀವನಾಂಶದ ಹಕ್ಕು 1973ರ ಸಂಹಿತೆಯ 125ನೆಯ ಪ್ರಕರಣದಲ್ಲಿ ತಂದೆತಾಯಿಗಳಿಗೂ ವಿಸ್ತರಿಸಿತು. ವಿವಾಹಿತ ಮಗಳೂ ಇದಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪಿತ್ತಿತು. 1994ರ ಕರ್ನಾಟಕದ ತಿದ್ದುಪಡಿ ಹಾಗೂ 2005ರ ಕೇಂದ್ರ ತಿದ್ದುಪಡಿಗಳಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನ ಹಕ್ಕು ಬಂದಿತು. ಹೊಣೆಯ ಹಿಂದೆಯೇ ಹಕ್ಕು ಬಂದುದರಿಂದ ಮನೆ ಅಳಿಯತನದ ಹಳೆಯ ತರ್ಕಕ್ಕೆ ಹೊಸ ಆಧಾರ ದೊರೆಯಿತು.

ಇವೆಲ್ಲಕ್ಕಿಂತ ನೇರವಾದುದು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ. ಇದು ಕರ್ನಾಟಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಯು ಅರ್ಜಿಯನ್ನು ಸಾಮಾನ್ಯವಾಗಿ 90 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದೂ, ತಿಂಗಳಿಗೆ ಗರಿಷ್ಠ 10,000 ರೂಪಾಯಿಗಳವರೆಗೆ ಜೀವನಾಂಶ ಗೊತ್ತುಪಡಿಸಬಹುದೆಂದೂ ಕಾಯಿದೆ ವಿಧಿಸಿತು. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಿ ಅವರ ಸ್ವತ್ತನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರೇ ಪೋಷಣೆಗೆ ಹೊಣೆ. ಭೂಮಿ ಯಾರಿಗೋ ಹೊಣೆಯೂ ಅವರಿಗೆ ಎಂಬ, ಉಂಬಳಿಯ ಕಾಲದಿಂದ ಬಂದ ನ್ಯಾಯವೇ ಇಲ್ಲಿ ಹೊಸ ಉಡುಪಿನಲ್ಲಿ ಕಾಣಿಸಿಕೊಂಡಿದೆ.

ಈ ಕಾಯಿದೆಯ 23ನೆಯ ಪ್ರಕರಣವು ಪ್ರಸ್ತುತ ಚರ್ಚೆಯ ಕೇಂದ್ರ. ಕಾಯಿದೆ ಜಾರಿಗೆ ಬಂದ ನಂತರ ಹಿರಿಯ ನಾಗರಿಕರು ತಮ್ಮ ಮೂಲ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿನ ಮೇಲೆ ಸ್ವತ್ತನ್ನು ದಾನವಾಗಿಯೋ ಅನ್ಯಥಾವೋ ವರ್ಗಾಯಿಸಿ, ಪಡೆದವರು ಆ ಅಗತ್ಯಗಳನ್ನು ಪೂರೈಸದೆಹೋದರೆ, ಅಂತಹ ವರ್ಗಾವಣೆಯನ್ನು ವಂಚನೆ ಅಥವಾ ಬಲವಂತದಿಂದ ಆದದ್ದೆಂದು ಭಾವಿಸಿ, ಕೊಟ್ಟವರ ಇಚ್ಛೆಯಂತೆ ನ್ಯಾಯಮಂಡಳಿಯು ಅನೂರ್ಜಿತವೆಂದು ಘೋಷಿಸಬಹುದು. 'ಷರತ್ತಿನ ಮೇಲೆ' ಎಂಬ ಮಾತಿನಲ್ಲಿಯೇ ಎಲ್ಲವೂ ನಿಂತಿದೆ. 2022ರ ಡಿಸೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು, ಪೋಷಣೆಯ ಷರತ್ತಿಗೆ ಒಳಪಟ್ಟು ವರ್ಗಾವಣೆ ನಡೆದಿತ್ತೆಂಬುದನ್ನು ಸ್ಥಾಪಿಸದೆ ಈ ಪ್ರಕರಣದ ಪ್ರಯೋಜನ ಪಡೆಯಲಾಗದೆಂದು ಹೇಳಿತು. ಪ್ರೀತಿ ವಿಶ್ವಾಸಗಳಿಂದ ಕೊಟ್ಟಿದ್ದೇನೆಂದಷ್ಟೇ ಬರೆದ ದಾನಪತ್ರಗಳು ಇದರಿಂದ ದುರ್ಬಲವಾದವು. 2025ರ ಜನವರಿ 2ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಇದು ಹಿರಿಯರ ಹಿತಕ್ಕಾಗಿ ಇರುವ ಕಾನೂನಾದುದರಿಂದ ಉದಾರವಾಗಿ ಅರ್ಥೈಸಬೇಕೆಂದೂ, ಸ್ವತ್ತಿನ ಸ್ವಾಧೀನವನ್ನು ಹಿರಿಯರಿಗೆ ಮರಳಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆಯೆಂದೂ ತಿಳಿಸಿತು. ಆ ಪ್ರಕರಣದಲ್ಲಿ ದಾನಪತ್ರದ ಜೊತೆಗೆ ಮಗನು ತಾಯಿಯನ್ನು ನೋಡಿಕೊಳ್ಳುವುದಾಗಿ ಬರೆದುಕೊಟ್ಟನೆನ್ನಲಾದ ಪತ್ರವೂ ಚರ್ಚೆಯಲ್ಲಿತ್ತು ಎಂಬುದು ಗಮನಾರ್ಹ. ಉದಾರವಾದ ವ್ಯಾಖ್ಯಾನಕ್ಕೂ ಬರಹದ ಒಂದು ಎಳೆ ಆಧಾರವಾಯಿತು.

ಈ ಕಾನೂನಿಗೆ ಇನ್ನೊಂದು ಮಗ್ಗುಲೂ ಇದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯು ಒಂದೇ ಮನೆಯ ಇಬ್ಬರು ದುರ್ಬಲರ ಸರದಿಯನ್ನು ಹೇಳುತ್ತದೆ. ಹಿರಿಯರ ಕಾಯಿದೆಯನ್ನು ಸೊಸೆಯನ್ನು ಮನೆಯಿಂದ ಹೊರಹಾಕುವ ಸಾಧನವಾಗಿ ಬಳಸಬಹುದೇ ಎಂಬ ಪ್ರಶ್ನೆ ಬೆಂಗಳೂರು ನಗರ ಜಿಲ್ಲೆಯ ಪ್ರಕರಣವೊಂದರಲ್ಲಿ ಎದ್ದಾಗ, ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 15ರಂದು ತೀರ್ಪು ನೀಡಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಮಹಿಳೆಗೆ ನೀಡಿದ ವಾಸದ ಹಕ್ಕನ್ನು ಹಿರಿಯರ ಕಾಯಿದೆಯ ಸಂಕ್ಷಿಪ್ತ ವಿಚಾರಣೆಯಿಂದ ಇಲ್ಲವಾಗಿಸಲಾಗದೆಂದು ಅದು ಸ್ಪಷ್ಟಪಡಿಸಿತು. ಆರೈಕೆಯ ಭಾರವನ್ನು ಹೊರುವವಳ ಹಕ್ಕನ್ನು ಅಳಿಸಿ ಆರೈಕೆಯನ್ನು ಕಟ್ಟಲಾಗದೆಂಬ ವಿವೇಕ ಇಲ್ಲಿದೆ.

ದಾನಪತ್ರ ಮತ್ತು ಮರಣಶಾಸನಗಳ ನಡುವಿನ ವ್ಯತ್ಯಾಸವೂ ಇಲ್ಲಿ ನಿರ್ಣಾಯಕವಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಸ್ಥಿರಸ್ವತ್ತಿನ ದಾನಕ್ಕೆ ಇಬ್ಬರು ಸಾಕ್ಷಿಗಳೂ ನೋಂದಣಿಯೂ ಅಗತ್ಯ. ಒಮ್ಮೆ ಕೊಟ್ಟದ್ದನ್ನು ಸಾಮಾನ್ಯವಾಗಿ ಹಿಂಪಡೆಯಲಾಗದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮರಣಶಾಸನಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಆದರೆ ನೋಂದಣಿ ಕಡ್ಡಾಯವಲ್ಲ. ಬರೆದವರು ಬದುಕಿರುವವರೆಗೆ ಅದನ್ನು ಬದಲಿಸಬಹುದು, ರದ್ದುಪಡಿಸಬಹುದು, ಮತ್ತು ಸ್ವತ್ತು ಅಲ್ಲಿಯವರೆಗೆ ಅವರ ಕೈಯಲ್ಲಿಯೇ ಉಳಿಯುತ್ತದೆ. ಜೀವಿತಾವಧಿಯ ಅನುಭೋಗದ ಹಕ್ಕನ್ನು ತಮಗೇ ಉಳಿಸಿಕೊಂಡು ದಾನಪತ್ರ ಬರೆಯುವುದು ಮೂರನೆಯ ದಾರಿ. ತಾಯಿಗೆಂದು ತೆಂಗಿನ ಮರಗಳ ಫಲವನ್ನು ಬಿಡುತ್ತಿದ್ದ ಜನಪದ ರೂಢಿಯ ಲಿಖಿತ ರೂಪವೇ ಇದು. ರೂಢಿಯಲ್ಲಿ ಮಾತಾಗಿದ್ದುದು ಪತ್ರದಲ್ಲಿ ಹಕ್ಕಾಗುತ್ತದೆ.

ಸಮಾರೋಪ

ಒಟ್ಟಿನಲ್ಲಿ, ಅರಸೀಕೆರೆ–ಬೇಲೂರು–ಹಳೇಬೀಡು ಪರಿಸರದ ಸಾಕ್ಷ್ಯಗಳು ಮುಪ್ಪಿನ ಪೋಷಣೆಯ ಚರಿತ್ರೆಯನ್ನು ಎರಡು ಧಾರೆಗಳಾಗಿ ತೋರಿಸುತ್ತವೆ. ಹಲ್ಮಿಡಿಯ ಬಾಳ್ಗಳ್ಚುವಿನಿಂದ ಸಂಧ್ಯಾ ಸುರಕ್ಷಾದವರೆಗೆ ಸಾಗಿಬಂದ ಒಂದು ಧಾರೆ, ದುಡಿದವರಿಗೆ ಸಮಾಜ ತೀರಿಸಬೇಕಾದ ಋಣದ್ದು. ಪಾಲುಪಾರೀಕತ್ತಿನಿಂದ 23ನೆಯ ಪ್ರಕರಣದವರೆಗೆ ಸಾಗಿಬಂದ ಇನ್ನೊಂದು ಧಾರೆ, ಕೊಟ್ಟವರಿಗೆ ಪಡೆದವರು ತೀರಿಸಬೇಕಾದ ಋಣದ್ದು. ಮೊದಲನೆಯದು ಸದಾ ಬರಹದಲ್ಲಿ ನಡೆಯಿತು. ಎರಡನೆಯದು ಬಹುಕಾಲ ಮಾತಿನಲ್ಲಿ ನಡೆದು ಈಗ ಬರಹಕ್ಕೆ ಬರುತ್ತಿದೆ. ಒಂದು ಇನ್ನೊಂದರ ಬದಲಿಯಾಗಲಾರದು. ಭೂಮಿಯಿಲ್ಲದ ವೃದ್ಧೆಗೆ 23ನೆಯ ಪ್ರಕರಣದಿಂದ ಪ್ರಯೋಜನವಿಲ್ಲ. ಎಲ್ಲವನ್ನೂ ಮಗನಿಗೆ ಬರೆದುಕೊಟ್ಟು ಜಗಲಿಗೆ ಬಂದ ವೃದ್ಧನಿಗೆ ಮಾಸಾಶನವೊಂದೇ ನ್ಯಾಯವಾಗುವುದಿಲ್ಲ.

ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಸೋಮನಾಥಪುರದೊಡನೆ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಶಿಲ್ಪವನ್ನು ಲೋಕವೇ ಮೆಚ್ಚಿದೆ. ಆ ಅಂಗಳಗಳ ಬರಹದ ಕಲ್ಲುಗಳಿಂದ ಕಲಿಯಬೇಕಾದ ಒಂದು ಸರಳವಾದ ಪಾಠವೂ ಇದೆ. ಷರತ್ತನ್ನು ಬರೆದವರು ದೇವರನ್ನಾಗಲಿ ಪೂಜಾರಿಯನ್ನಾಗಲಿ ಅವಮಾನಿಸಲಿಲ್ಲ. ದೀಪವು ಆರದಿರಲೆಂದು ಬರೆದರು. ಹಿರಿಯರು ತಮ್ಮ ಪತ್ರಗಳಲ್ಲಿ ಅನ್ನ, ಬಟ್ಟೆ, ಔಷಧ, ವಸತಿಗಳ ಷರತ್ತನ್ನು ಬರೆಯುವುದೂ ಮಕ್ಕಳ ಮೇಲಣ ಅಪನಂಬಿಕೆಯಲ್ಲ. ಅದು ಕರಟದ ಕಥೆಯ ಮೊಮ್ಮಗನು ಬಾಯಿ ತೆರೆಯುವ ಮುನ್ನವೇ ಕರಟವನ್ನು ಆಚೆಗಿಡುವ ಕ್ರಮ. ನಾಡಿನ ಶಾಸನಪರಂಪರೆಯ ಅತ್ಯಂತ ಹಳೆಯ ವಿವೇಕವೂ ಅದೇ ಆಗಿದೆ.